ಅರಮನೆ ಬಿತ್ತು, ಬೇಲಿ ಉಳಿಯಿತು

1976ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಸೇಂಟ್ ಕ್ಲೇರ್ ಸರೋವರದ ದಂಡೆಯಲ್ಲಿದ್ದ ರೋಸ್ ಟೆರೇಸ್ ಎಂಬ ಬಂಗಲೆಯನ್ನು ನೆಲಸಮ ಮಾಡಿದರು. ಕಟ್ಟಿ ಮುಗಿಸಿದ್ದು 1934ರಲ್ಲಿ, ಅಂದರೆ ಐವತ್ತೂ ತುಂಬಿರಲಿಲ್ಲ. ಫ್ರಾನ್ಸಿನ ಹದಿನೈದನೇ ಲೂಯಿ ಕಾಲದ ಶೈಲಿಯಲ್ಲಿ ಹೊರೇಸ್ ಟ್ರಂಬಾವರ್ ವಿನ್ಯಾಸ ಮಾಡಿದ ಮನೆ ಅದು. ಮುಪ್ಪಾಗಿ ಬಿದ್ದದ್ದಲ್ಲ. ಅಷ್ಟು ದೊಡ್ಡ ಮನೆ ಬೇಕಾದವರು ಯಾರೂ ಇರಲಿಲ್ಲ, ಕೆರೆಯಂಚಿನ ಜಾಗ ಬೇಕಾದವರು ಬೇಕಾದಷ್ಟಿದ್ದರು.

ಊರು ಗ್ರೋಸ್ ಪಾಯಿಂಟ್. ಡೆಟ್ರಾಯಿಟ್ ನಗರದ ಪೂರ್ವಕ್ಕೆ ಅಂಟಿಕೊಂಡಿರುವ ಈ ಹೆಸರಿನಲ್ಲಿ ಐದು ಪುಟ್ಟ ಪಟ್ಟಣಗಳಿವೆ, ಐದಕ್ಕೂ ಬೇರೆ ಬೇರೆ ಆಡಳಿತ. ಮೊದಲು ಇಲ್ಲಿ ಫ್ರೆಂಚ್ ರೈತರಿದ್ದರು. ಎಲ್ಲರಿಗೂ ನೀರಿನ ಪಾಲು ಸಿಗಲೆಂದು ದಡದಲ್ಲಿ ಕಿರಿದಾಗಿ, ಒಳನಾಡಿಗೆ ಬಲು ಉದ್ದಕ್ಕೆ ಚಾಚಿದ ಹೊಲಗಳನ್ನು ಅಳೆದುಕೊಂಡಿದ್ದರು. ಆಮೇಲೆ ಬಂದದ್ದು ಡೆಟ್ರಾಯಿಟ್‌ನ ಹಣವಂತರ ಬೇಸಿಗೆ ಮನೆಗಳು. ರೈಲು ಬೋಗಿ ತಯಾರಿಸಿ ದುಡ್ಡು ಮಾಡಿದ ಜಾನ್ ನ್ಯೂಬೆರಿ ಮತ್ತು ಜೇಮ್ಸ್ ಮೆಕ್‌ಮಿಲನ್ 1875ರಲ್ಲಿ ಇಲ್ಲಿ ಜೋಡಿ ಮನೆ ಕಟ್ಟಿಸಿಕೊಂಡರು. 1910ರ ಹೊತ್ತಿಗೆ ಮೋಟಾರು ಕಾರಿನ ದುಡ್ಡು ಹರಿದು ಬಂತು. ಬೇಸಿಗೆಗೆ ಬರುತ್ತಿದ್ದವರು ವರ್ಷವಿಡೀ ನಿಂತರು.

ಕಾರು ಕಂಪನಿ ಕಟ್ಟಿದ ಡಾಡ್ಜ್ ಸಹೋದರರ ಕಥೆಯೊಂದರಲ್ಲೇ ಈ ಊರಿನ ಏಳುಬೀಳು ಕಾಣುತ್ತದೆ. ಹೊರೇಸ್ ಡಾಡ್ಜ್ ಮೊದಲ ರೋಸ್ ಟೆರೇಸನ್ನು ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಕೈಯಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿಸಿದ. ಅಣ್ಣ ಜಾನ್ ಹತ್ತಿರದಲ್ಲೇ ಅದಕ್ಕಿಂತ ದೊಡ್ಡದಕ್ಕೆ ಕೈ ಹಾಕಿದ. 1920ರ ಜನವರಿಯಲ್ಲಿ ಜಾನ್ ತೀರಿಕೊಂಡ, ಡಿಸೆಂಬರ್‌ನಲ್ಲಿ ಹೊರೇಸ್. ಜಾನ್‌ನ ಮನೆಯ ಕೆಲಸ ಅಲ್ಲಿಗೇ ನಿಂತಿತು. ಯಾರೂ ಒಂದು ರಾತ್ರಿಯೂ ಮಲಗದ ಆ ಅರೆಬರೆ ಕಟ್ಟಡ ಇಪ್ಪತ್ತು ವರ್ಷ ಹಾಗೇ ನಿಂತಿದ್ದು, 1941ರಲ್ಲಿ ಉರುಳಿತು. 1925ರಲ್ಲಿ ಇಬ್ಬರು ವಿಧವೆಯರು ಕಂಪನಿಯನ್ನು 14 ಕೋಟಿ 60 ಲಕ್ಷ ಡಾಲರಿಗೆ ಮಾರಿದರು. ಹೊರೇಸನ ಹೆಂಡತಿ ಆನಾ ಮರುಮದುವೆಯಾದಳು. ಗಂಡ ಕಟ್ಟಿಸಿದ್ದನ್ನು ಕೆಡವಿಸಿ ಅದೇ ಜಾಗದಲ್ಲಿ ಎರಡನೇ ರೋಸ್ ಟೆರೇಸ್ ಎಬ್ಬಿಸಿದಳು, ಅದೂ ದೇಶ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ! 1970ರಲ್ಲಿ ಆಕೆ ಸತ್ತ ಮೇಲೆ ಸಂಗೀತದ ಕೋಣೆಯ ಫ್ರೆಂಚ್ ಪೀಠೋಪಕರಣಗಳು ಡೆಟ್ರಾಯಿಟ್‌ನ ಕಲಾ ಸಂಗ್ರಹಾಲಯ ಸೇರಿದವು. ಮನೆಯನ್ನು ಉಳಿಸಲು ಪ್ರಯತ್ನಗಳಾದವು, ಫಲಿಸಲಿಲ್ಲ.

ಕಾರಣ ಗುಟ್ಟೇನಲ್ಲ. ಇಂಥ ಮನೆಗಳ ಲೆಕ್ಕಾಚಾರ ಕೂತಿದ್ದು ಅಗ್ಗದ ಆಳುಕಾಳು ಮತ್ತು ಹಗುರ ತೆರಿಗೆಯ ಮೇಲೆ. ಕೇಂದ್ರದ ಆದಾಯ ತೆರಿಗೆ 1913ರಲ್ಲಿ ಬಂತು. 1944ರಲ್ಲಿ ಅದರ ಮೇಲ್ಮಟ್ಟದ ದರ ಶೇ 94. ಯುದ್ಧದ ಕಾಲದಲ್ಲಿ ಕಾರ್ಖಾನೆಯ ಕೂಲಿ ಬಿಟ್ಟು ಅಡುಗೆಮನೆಗೆ ಬರುವವರು ಸಿಗಲಿಲ್ಲ. ಮಕ್ಕಳಿಗೆ ಅಷ್ಟು ಕೋಣೆ ಬೇಕಿರಲಿಲ್ಲ. ಹೀಗೆ ಎಸ್ಟೇಟುಗಳು ಒಂದೊಂದಾಗಿ ಸೈಟುಗಳಾದವು.

ಆ ಸೈಟು, ಮನೆಗಳನ್ನು ಯಾರು ಕೊಳ್ಳಬಹುದು ಎಂಬಲ್ಲಿ ಮಾತ್ರ ಊರು ಬಹಳ ಬಿಗಿಯಾಗಿತ್ತು. ಜನಾಂಗ ನೋಡಿ ಮಾರಾಟ ನಿರ್ಬಂಧಿಸುವ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತ್ತು. ಆದರೆ ಇಲ್ಲಿನ ಮನೆಮಾಲೀಕರ ಸಂಘ ಮತ್ತು ದಲ್ಲಾಳಿಗಳ ಸಂಘ ಗುಟ್ಟಾಗಿ ಅಂಕಪಟ್ಟಿ ಇಟ್ಟುಕೊಂಡಿದ್ದವು. ಖಾಸಗಿ ಪತ್ತೇದಾರ ವಿಚಾರಿಸಿಕೊಂಡು ಬರಬೇಕು: ಬಣ್ಣ ಎಷ್ಟು ಕಪ್ಪು, ಮಾತಿನ ಧಾಟಿ ಎಂಥದ್ದು, ಬಟ್ಟೆ ಅಚ್ಚುಕಟ್ಟೋ ಆಡಂಬರವೋ, ಬಾಳುವ ರೀತಿ ಅಮೆರಿಕನ್ನರದ್ದೋ? ನೂರಕ್ಕೆ 50 ಬಂದರೆ ಪಾಸು. ಪೋಲೆಂಡ್ ಮೂಲದವರಿಗೆ 55, ದಕ್ಷಿಣ ಯುರೋಪಿನವರಿಗೆ 65, ಯಹೂದಿಗಳಿಗೆ 85 ಬೇಕು. ಕಪ್ಪು ಜನರಿಗೂ ಏಷ್ಯಾದವರಿಗೂ ಪರೀಕ್ಷೆಗೆ ಕೂರುವ ಅವಕಾಶವೇ ಇಲ್ಲ. 1960ರಲ್ಲಿ ಇದು ಬಯಲಾದಾಗ ದೇಶವಿಡೀ ಸುದ್ದಿಯಾಯಿತು. ರೋಸ್ ಟೆರೇಸಿಗೆ ಸಿಗದ ಕಾವಲು ನೆರೆಹೊರೆಯ ಚರ್ಮದ ಬಣ್ಣಕ್ಕೆ ಸಿಕ್ಕಿತ್ತು ಅನ್ನದೆ ವಿಧಿಯಿಲ್ಲ. 1968ರ ಮಾರ್ಚ್ 14ರಂದು ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿನ ಹೈಸ್ಕೂಲಿನಲ್ಲಿ ಮಾತಾಡಲು ಬಂದರು. ಸಭೆಯಲ್ಲಿ ಕೆಲವರು ಮತ್ತೆ ಮತ್ತೆ ಕೂಗಿ ಅಡ್ಡಿಪಡಿಸಿದರು. ಮೂರು ವಾರದಲ್ಲಿ ಅವರ ಕೊಲೆಯಾಯಿತು. ಅದಾಗಿ ವಾರಕ್ಕೆ, ಮನೆ ಮಾರಾಟದಲ್ಲಿ ಜನಾಂಗಭೇದ ನಿಷೇಧಿಸುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು.

ಉಳಿದ ಮನೆಗಳೂ ಇವೆ. ಪ್ಯಾಕರ್ಡ್ ಕಾರು ಕಂಪನಿಯಲ್ಲಿ ಹಣ ಹೂಡಿದ್ದ ರಸೆಲ್ ಆಲ್ಜರ್ ಕಟ್ಟಿಸಿದ ಮನೆ 1949ರಲ್ಲಿ ಯುದ್ಧ ಸ್ಮಾರಕವಾಯಿತು, ಅಲ್ಲೀಗ ಮದುವೆ, ಆರತಕ್ಷತೆಗಳೂ ನಡೆಯುತ್ತವೆ. ಹೆನ್ರಿ ಫೋರ್ಡ್‌ರ ಮಗ ಎಡ್ಸೆಲ್ ಮತ್ತು ಸೊಸೆ ಎಲೆನಾರ್ ಅವರ ಮನೆ ಇನ್ನೂ ಗಟ್ಟಿ. ಇಂಗ್ಲೆಂಡಿನ ಹಳ್ಳಿಮನೆಗಳ ಮಾದರಿಯ ಆ ಮನೆಗೆ ಕಲ್ಲಿನ ಹಂಚು ಹೊದಿಸಲು ಅಲ್ಲಿಂದಲೇ ಕುಶಲಕರ್ಮಿಗಳು ಬಂದಿದ್ದರು. ತೋಟದಲ್ಲಿ ಮಗಳು ಜೋಸೆಫಿನ್‌ಗೆ 1930ರಲ್ಲಿ ಅಜ್ಜಿ ಕೊಡಿಸಿದ ಆಟದ ಮನೆಯಿದೆ, ಬಾಗಿಲಿಂದ ಪೀಠೋಪಕರಣದವರೆಗೆ ಎಲ್ಲವೂ ಮಗುವಿನ ಅಳತೆಯದು. ಎಲೆನಾರ್ ತೀರಿಕೊಂಡದ್ದು ರೋಸ್ ಟೆರೇಸ್ ಬಿದ್ದ 1976ರಲ್ಲೇ. ಆದರೆ ಆಕೆ ಮನೆಯನ್ನು ಸಾರ್ವಜನಿಕರಿಗೆ ಬಿಡಬೇಕೆಂದು ಬರೆದಿಟ್ಟು, ನಡೆಸಲು ಹಣವನ್ನೂ ಇಟ್ಟು ಹೋದರು. 1978ರಿಂದ ಟಿಕೆಟ್ ಕೊಂಡವರೆಲ್ಲ ಒಳಗೆ ಹೋಗಬಹುದು.

2016ರಲ್ಲಿ ಈ ಮನೆಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯೊಂದರಿಂದಲೇ ಕಟ್ಟಡ ಉಳಿಯುತ್ತದೆಂದು ಹಲವರು ತಿಳಿದಿದ್ದಾರೆ. ಅಮೆರಿಕದ ಕಾನೂನು ಹಾಗಿಲ್ಲ. ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ಕೆಡವುತ್ತೇನೆಂದರೆ ಆ ಮಾನ್ಯತೆ ಅಡ್ಡ ಬರುವುದಿಲ್ಲ; ತಡೆಯುವ ಅಧಿಕಾರ ಬಹುಮಟ್ಟಿಗೆ ಸ್ಥಳೀಯ ಆಡಳಿತದ ಕೈಯಲ್ಲಿದೆ. ಗ್ರೋಸ್ ಪಾಯಿಂಟ್‌ನಲ್ಲಿ ಅಂಥ ಆಡಳಿತಗಳು ಐದು.