ಅಪ್ಪನಿಗೆ ಎಲ್ಲರ ಮೇಲೂ ಅನುಮಾನ, ಇದು ಟಿವಿ ಹಚ್ಚಿದ್ದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಒಂಟಿ ಮನೆ. ಅಪ್ಪನಿಗೆ 68 ವರ್ಷ. ಎರಡು ವರ್ಷದಿಂದ ದಿನವಿಡೀ ನ್ಯೂಸ್ ಚಾನೆಲ್, ಮಧ್ಯೆ ಮೊಬೈಲಿನಲ್ಲಿ ವಿಡಿಯೊ. ಈಗ ಬೆಡ್‌ಶೀಟ್ ಮಾರಲು ಬಂದವನೂ ಕಳ್ಳ, ಅಡಿಕೆ ಕೊನೆ ಕೊಯ್ಯಲು ಬಂದ ಹೊಸ ಹುಡುಗನೂ ಯಾರೋ ಕಳಿಸಿದವನು. ಇದು ಟಿವಿಯಿಂದ ಆಗಿದ್ದಾ, ಇಲ್ಲಾ ಕಾಯಿಲೆಯಾ? ಟಿವಿ ಬಂದ್ ಮಾಡಿಸಿದರೆ ಸರಿ ಹೋಗುತ್ತಾರಾ?

ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ಕೆಲವರು ಅಮ್ಮನ ಬಗ್ಗೆ, ಕೆಲವರು ಮಾವನ ಬಗ್ಗೆ. ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಷ್ಟನ್ನೇ ನೋಡಿದರೆ ಕಾಯಿಲೆ ಅನ್ನಿಸುವುದಿಲ್ಲ. ಪೂರ್ತಿ ಟಿವಿಯೇ ಹುಟ್ಟಿಸಿದ್ದು ಅಂತಲೂ ಅನ್ನಿಸುವುದಿಲ್ಲ. ಮೊದಲೇ ಇದ್ದ ಭಯಕ್ಕೆ ಟಿವಿ, ಮೊಬೈಲು ಸೇರಿ ದಿನಾ ಗೊಬ್ಬರ ಹಾಕಿವೆ.

ಭಯಕ್ಕೆ ಬೇರು ಇದೆ, ಅದನ್ನು ಒಪ್ಪಿಕೊಳ್ಳೋಣ. ಮಲೆನಾಡಿನ ಒಂಟಿ ಮನೆ ಅಂದರೆ ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆ ಇರುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಬೇಕಾದರೆ ಗುಡ್ಡದ ತುದಿಗೆ ಹೋಗಬೇಕು, ರಾತ್ರಿ ನಾಯಿ ಬೊಗಳಿದರೆ ಎದ್ದು ನೋಡೋಕೆ ಇಬ್ಬರೇ ಮುದುಕರು. ಒಂಟಿ ಮನೆಗೆ ನುಗ್ಗಿ ದೋಚಿದ ಘಟನೆಗಳು ನಮ್ಮ ಕಡೆ ಆಗಿದ್ದೂ ಉಂಟು. ಹಾಗಾಗಿ ಅವರಿಗೆ "ಸುಮ್ನೆ ಹೆದರ್ತೀಯ" ಅನ್ನಬೇಡಿ. ಅದರಿಂದ ಭಯ ಕಡಿಮೆ ಆಗುವುದಿಲ್ಲ, ನಿಮ್ಮ ಹತ್ತಿರ ಹೇಳಿಕೊಳ್ಳುವುದು ನಿಲ್ಲುತ್ತದೆ ಅಷ್ಟೆ.

ಈಗ ಟಿವಿಯ ವಿಷಯ. 1973ರಲ್ಲಿ ಆಮೋಸ್ ಟ್ವರ್ಸ್ಕಿ, ಡೇನಿಯಲ್ ಕಾನ್ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ವಿಷಯ ತೋರಿಸಿಕೊಟ್ಟರು. ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಎಲ್ಲೋ 400 ಕಿಲೋಮೀಟರ್ ದೂರದಲ್ಲಿ ಒಂದು ಕಳ್ಳತನ. ಚಾನೆಲ್ ಅದೇ ಹನ್ನೆರಡು ಸೆಕೆಂಡಿನ ಸಿಸಿಟಿವಿ ತುಣುಕನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗಿಸಿ ತಿರುಗಿಸಿ ಹಾಕುತ್ತದೆ. ಕಳ್ಳನ ಸುತ್ತ ಕೆಂಪು ವೃತ್ತ, ಎದೆ ಝಲ್ ಅನ್ನುವ ಸಂಗೀತ. ಆಗಿದ್ದು ಒಂದೇ ಕಳ್ಳತನ, ಆದರೆ ನಿಮ್ಮ ಅಪ್ಪ ಅದನ್ನು ನಲವತ್ತು ಸಲ ಕಂಡಿದ್ದಾರೆ. ಸಂಜೆ ಬೇಲಿ ಬಾಗಿಲಿನ ದಣಪೆ ಸರಿಸುವ ಸದ್ದಾದರೆ ಮನಸ್ಸಿಗೆ ಬರೋದು ಆ ನಲವತ್ತೇ.

ಜಾರ್ಜ್ ಗರ್ಬ್ನರ್ ಎಂಬ ಅಮೆರಿಕದ ವಿದ್ವಾಂಸ 1960ರ ದಶಕದ ಕೊನೆಯಿಂದ ಇದನ್ನೇ ಬೆನ್ನು ಹತ್ತಿದ್ದರು. ಟಿವಿ ಜಾಸ್ತಿ ನೋಡುವವರಿಗೆ ಲೋಕ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಯಾರನ್ನೂ ನಂಬಬಾರದು ಅನ್ನಿಸುತ್ತದೆ ಎಂದರು. ಆಮೇಲೆ ಬಂದವರು ಈ ಪರಿಣಾಮ ಅವರು ಹೇಳಿದಷ್ಟು ದೊಡ್ಡದಲ್ಲ ಎಂದು ವಾದಿಸಿದ್ದಾರೆ. ಇನ್ನೊಂದು ಮಾತನ್ನೂ ಸೇರಿಸಿದ್ದಾರೆ, ಅದು ನಿಮ್ಮ ಅಪ್ಪನ ವಿಷಯದಲ್ಲಿ ಮುಖ್ಯ ಅಂತ ನನಗನ್ನಿಸುತ್ತದೆ. ಹೆದರಿದವರು ಹೊರಗೆ ಹೋಗುವುದು ಕಡಿಮೆ ಮಾಡುತ್ತಾರೆ, ಮನೆಯಲ್ಲೇ ಕೂತು ಟಿವಿ ಜಾಸ್ತಿ ನೋಡುತ್ತಾರೆ, ಇನ್ನಷ್ಟು ಹೆದರುತ್ತಾರೆ. ಗಾಣದ ಎತ್ತಿನ ಹಾಗೆ ಸುತ್ತು.

ನೋಡುವುದರಿಂದಲೇ ಮೈಮನಸ್ಸು ಎಷ್ಟು ಕುಗ್ಗಬಹುದು ಅನ್ನುವುದಕ್ಕೆ ಒಂದು ಅಧ್ಯಯನ ಇದೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿಯಿತು. ಮುಂದಿನ ವಾರವೆಲ್ಲ ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಅದರ ಸುದ್ದಿ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡದ ಲಕ್ಷಣ ಕಂಡವು. ಮನೆಯಲ್ಲಿ ಸೋಫಾ ಮೇಲೆ ಕೂತಿದ್ದವರು ಅವರು.

ಇದು ದೂರದ ಮಾತಾಯಿತು. ನಮ್ಮ ಊರಿನದು ಹೇಳುತ್ತೇನೆ. 2021ರ ಜನವರಿ 21, ಗುರುವಾರ ರಾತ್ರಿ. ಆವತ್ತು ಶಿವಮೊಗ್ಗದಲ್ಲಿದ್ದ ಯಾರಿಗೂ ಅದು ಮರೆತಿರಲಿಕ್ಕಿಲ್ಲ. ಹತ್ತೂ ಇಪ್ಪತ್ತರ ಸುಮಾರಿಗೆ ಧಡಾರ್ ಅಂತ ಸದ್ದು. ಕಿಟಕಿ ಗಾಜು ಗಡಗಡ ಅಂದವು. ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು ಸುತ್ತಿ ಸುತ್ತಿ ನಿಂತಿತು. ಎಲ್ಲರೂ ಬೀದಿಗೆ ಬಂದೆವು, ಎಲ್ಲರ ಬಾಯಲ್ಲೂ ಭೂಕಂಪ. ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ, ಚಿಕ್ಕಮಗಳೂರು, ದಾವಣಗೆರೆ ಕಡೆಯವರಿಗೂ ಗೊತ್ತಾಗುವಷ್ಟು ಜೋರಾಗಿತ್ತು. ಆದರೆ ಮುಂದಿನ ಒಂದು ಗಂಟೆಯಲ್ಲಿ ಫೋನಿಗೆ ಬಂದಿದ್ದೇ ಬೇರೆ. "ಇನ್ನೊಂದು ದೊಡ್ಡದು ಬರುತ್ತೆ, ಯಾರೂ ಒಳಗೆ ಮಲಗಬೇಡಿ." ಯಾರು ಹೇಳಿದ್ದು? ಕಳಿಸಿದವರಿಗೂ ಗೊತ್ತಿಲ್ಲ. ಎದುರು ಮನೆ ಅಜ್ಜಿ ಶಾಲು ಹೊದ್ದು ಜಗಲಿ ಮೇಲೆ ಕೂತವರು ಎರಡು ಗಂಟೆಯಾದರೂ ಒಳಗೆ ಹೋಗಲಿಲ್ಲ. ಆಗಿದ್ದು ಹುಣಸೋಡಿನ ಕಲ್ಲು ಕ್ವಾರಿ ಹತ್ತಿರ ಸ್ಫೋಟಕಗಳ ಸಿಡಿತ. ಅಲ್ಲಿದ್ದ ಬಡಪಾಯಿಗಳು ಜೀವ ಕಳೆದುಕೊಂಡಿದ್ದರು, ನಾವು ಇಲ್ಲಿ ಇನ್ನೊಂದು ಭೂಕಂಪ ಕಾಯುತ್ತಿದ್ದೆವು.

ಸುಳ್ಳು ಬೇಗ ಓಡುವುದು ಯಾಕೆ ಅಂದರೆ ಅದಕ್ಕೆ ಸ್ಥಳಕ್ಕೆ ಹೋಗಿ ನೋಡಿಕೊಂಡು ಬರುವ ಕೆಲಸ ಇಲ್ಲ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಟ್ವಿಟರ್‌ನಲ್ಲಿ ಹರಿದಾಡಿದ್ದ ಸುಮಾರು 1.26 ಲಕ್ಷ ಸುದ್ದಿಗಳನ್ನು ನೋಡಿ ಹೇಳಿದ್ದೂ ಇದನ್ನೇ: ಸುಳ್ಳು ನಿಜಕ್ಕಿಂತ ಬೇಗ, ದೂರ ಹೋಗುತ್ತದೆ. ಹೊಸದು, ಆಶ್ಚರ್ಯದ್ದು ಅನ್ನಿಸುವುದರಿಂದ ಜನರೇ ಅದನ್ನು ಹಂಚುತ್ತಾರೆ. 90ರ ದಶಕದಲ್ಲಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಹೆದರಿಸಿ, ಬಾಗಿಲ ಮೇಲೆ "ನಾಳೆ ಬಾ" ಬರೆಸಿದ್ದ ಪುಕಾರು ಮೊಬೈಲಿಲ್ಲದೆಯೂ ಊರೂರು ತಲುಪಿತ್ತು ಅಲ್ವಾ? ಈಗ ಅದಕ್ಕೆ ರೆಕ್ಕೆ ಬಂದಿದೆ.

ಆ ರೆಕ್ಕೆ ಏನು ಮಾಡುತ್ತದೆ ಅಂತ 2018ರಲ್ಲೇ ನೋಡಿದೆವು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು, ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ್ದ ವಿಡಿಯೊ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಬಿಟ್ಟರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬರನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆಮೇಲೆ ಆ ತಿಂಗಳಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು.

ಚಾನೆಲ್‌ಗಳು ಇಷ್ಟು ನೇರವಾಗಿ ಸುಳ್ಳು ಹೇಳಬೇಕಾಗಿಲ್ಲ. ಅವರಿಗೆ ಪ್ರಶ್ನಾರ್ಥಕ ಚಿಹ್ನೆ ಸಾಕು. "ನಿಮ್ಮೂರಿಗೂ ಬಂದರಾ?" ಅಂತ ಬರೆದರೆ ಬಂದಿದ್ದಾರೆ ಅಂತ ಹೇಳಿದ ಹಾಗಾಗಲಿಲ್ಲ, ಆದರೆ ನೋಡುವವರ ಎದೆಯಲ್ಲಿ ಬಂದು ಕೂತಾಯಿತು. ಎಷ್ಟು ಜನ ನೋಡಿದರು ಅನ್ನುವ ಟಿಆರ್‌ಪಿ ಪ್ರತಿ ವಾರದ ಲೆಕ್ಕ. ಹೆದರಿದವರು ಚಾನೆಲ್ ಬದಲಿಸುವುದಿಲ್ಲ, ಜಾಹೀರಾತು ಮುಗಿಯುವವರೆಗೂ ಕಾಯುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಒಂಟಿ ಮನೆಯ ಮುದುಕರ ನಿದ್ದೆಯನ್ನು ಮಾರಿ ದುಡ್ಡು ಮಾಡಿದ ಹಾಗಾಯಿತು.

ಹಾಗಂತ ಹೆದರಿಸುವ ಸುದ್ದಿಯೆಲ್ಲ ಕೆಟ್ಟದ್ದಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡಿದ್ದು, ಇವತ್ತಿಗೂ ಬೇಸಿಗೆ ಬಂತೆಂದರೆ ನಮಗೆ ಅದರದೇ ಯೋಚನೆ. ಅದರ ಬಗ್ಗೆ ಸರಿಯಾಗಿ ಬರೆದ ಸುದ್ದಿಯಲ್ಲಿ ಯಾವ ಊರು ಅಂತ ಇರುತ್ತದೆ. ಉಣುಗು ಕಚ್ಚಿದರೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಅಂತ ಇರುತ್ತದೆ. ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ತಿಳಿಸಿ ಅಂತ ಇರುತ್ತದೆ. ಓದಿದವರು ಹೆದರಿದರೂ ಮಾಡಲು ಒಂದು ಕೆಲಸ ಸಿಗುತ್ತದೆ. ಎಲ್ಲಿ, ಯಾವತ್ತು, ನಾನೇನು ಮಾಡಬೇಕು ಅನ್ನುವ ಮೂರೂ ಇಲ್ಲದ ಭಯ ಹೋಗೋಕೆ ದಾರಿಯಿಲ್ಲದೆ ಮನಸ್ಸಿನಲ್ಲೇ ಕೊಳೆಯುತ್ತದೆ, ಆಮೇಲೆ ಅಂಗಳಕ್ಕೆ ಬಂದವರ ಮೇಲೆ ಅನುಮಾನವಾಗಿ ಹೊರಬರುತ್ತದೆ.

ಕಾಯಿಲೆ ಅಂತ ಯಾವಾಗ ಯೋಚಿಸಬೇಕು? ಟಿವಿಯವರು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂದರೆ, ಊಟದಲ್ಲಿ ಏನೋ ಹಾಕಿದ್ದಾರೆ ಅಂದರೆ, ಇಲ್ಲದ ದನಿ ಕೇಳಿದರೆ, ನಿದ್ದೆ ಪೂರ್ತಿ ಬಿಟ್ಟರೆ ತಡ ಮಾಡಬೇಡಿ. ಈ ವಯಸ್ಸಿನಲ್ಲಿ ಅನುಮಾನದ ಜೊತೆ ಮರೆವೂ ಶುರುವಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಅರ್ಧಂಬರ್ಧ ಕೇಳಿಸುವವರಿಗೆ ಬೇರೆಯವರು ಮೆಲ್ಲಗೆ ಆಡುವ ಮಾತೆಲ್ಲ ತಮ್ಮ ಬಗ್ಗೆಯೇ ಅನ್ನಿಸುವುದುಂಟು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಟಿವಿ ಬಂದ್ ಮಾಡಿಸುವ ವಿಷಯ. ರಿಮೋಟ್ ಕಿತ್ತುಕೊಳ್ಳಬೇಡಿ, ಅದು ಅವಮಾನ. ಗೇಟಿಗೆ ಒಳ್ಳೆ ಬೀಗ, ಅಂಗಳಕ್ಕೆ ಒಂದು ಬ್ಯಾಟರಿ ದೀಪ, ಹತ್ತಿರದ ಮೂರು ಮನೆಯ ನಂಬರು ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸುವುದು, ಇಷ್ಟು ಮೊದಲು ಮಾಡಿಕೊಡಿ. ಆಮೇಲೆ ಅವರಿಗೆ ಮನುಷ್ಯರ ಮುಖ ಸಿಗುವ ಹಾಗೆ ಮಾಡಿ.

ಸಾಗರದ ಹತ್ತಿರ ನಮ್ಮ ದೊಡ್ಡಪ್ಪ ಹೀಗೇ ಆಗಿದ್ದರು. ಯಾರೇ ಬಂದರೂ "ಆಸ್ರಿಗೆ ಬೇಕಾ" ಅಂತ ಬೆಲ್ಲ ನೀರು ಮುಂದಿಡುತ್ತಿದ್ದವರು ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದರು. ಹಾಲಿನ ಡೈರಿಗೆ ಆಳನ್ನು ಕಳಿಸುವ ಬದಲು ಬೆಳಿಗ್ಗೆ ತಾವೇ ಹೋಗಿ ಅಂತ ದೊಡ್ಡಮ್ಮ ಹಠ ಹಿಡಿದು ಹೊರಡಿಸಿದರು. ಹೋದವರು ಅಲ್ಲಿ ಒಂದು ಗಂಟೆ ಕೂತು ಮಾತಾಡಿ ಬರತೊಡಗಿದರು. ಈಗಲೂ ರಾತ್ರಿ ಒಂಬತ್ತರ ನ್ಯೂಸ್ ಬಿಟ್ಟಿಲ್ಲ. ಬೆಡ್‌ಶೀಟಿನವರು ಬಂದರೆ ಬಾಗಿಲು ಇನ್ನೂ ತೆಗೆಯುವುದಿಲ್ಲ, ಆದರೆ ಕಿಟಕಿಯಿಂದ "ಯಾವ ಊರಾಯ್ತಪ್ಪ ನಿಂಗೆ" ಅಂತ ಕೇಳುತ್ತಾರೆ.