ಹುಣಸೆಹಣ್ಣು ಸಾರಿಗಿರಲಿ, ಪದಕಕ್ಕೆ ಬೇಡ

ಆಯುಧಪೂಜೆ ಮುಗಿದ ಮರುವಾರ ಬಂತೆಂದರೆ ನನಗೆ ಭಯ. ನನ್ನ ಮೇಜಿಗೆ ಬರುವ ಹಳೇ ನಾಣ್ಯ, ಪದಕಗಳೆಲ್ಲ ಆಗಷ್ಟೇ ಬೆಳಗಿದ ದೀಪದ ಕಂಬದ ಹಾಗೆ ಫಳಫಳ ಅನ್ನುತ್ತಿರುತ್ತವೆ.

ಕಳೆದ ಸಲ ಬಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಮಗಳು ಅಮೆರಿಕದಿಂದ ತಂದುಕೊಟ್ಟ, ಅಲ್ಲಿನ ಮೊದಲ ಅಧ್ಯಕ್ಷರ ಪತ್ನಿ ಮಾರ್ಥಾ ವಾಷಿಂಗ್ಟನ್ ಹೆಸರಿನ ಕಂಚಿನ ಪದಕ ಕೈಯಲ್ಲಿತ್ತು. "ಉಪ್ಪು, ಹುಣಸೆಹಣ್ಣು ಹಾಕಿ ತಿಕ್ಕಿದೆ ಸಾರ್. ಚಿನ್ನದ ಥರ ಆಯ್ತಲ್ವಾ?"

ಈ ಚಿನ್ನದ ಗೊಂದಲವೂ ಹಳೆಯದೇ. ಅಮೆರಿಕದ ಟಂಕಸಾಲೆ 2007ರಿಂದ ಅಧ್ಯಕ್ಷರ ಪತ್ನಿಯರ ಹೆಸರಲ್ಲಿ ಅರ್ಧ ಔನ್ಸಿನ 24 ಕ್ಯಾರಟ್ ಚಿನ್ನದ ನಾಣ್ಯ ತಂದಿತು. ಮುಖಬೆಲೆ 10 ಡಾಲರ್. ಅವೇ ಚಿತ್ರಗಳನ್ನು ಕಂಚಿನಲ್ಲೂ ಅಚ್ಚು ಹಾಕಿ ಅಗ್ಗಕ್ಕೆ ಮಾರಿತು. ಕಂಚಿನದಕ್ಕೆ ಮುಖಬೆಲೆ ಇಲ್ಲ, ಹಾಗಾಗಿ ಅದು ನಾಣ್ಯ ಅಲ್ಲ, ಪದಕ. ಮೂರನೇ ಅಧ್ಯಕ್ಷ ಜೆಫರ್ಸನ್ ಸರದಿ ಬಂದಾಗ ಒಂದು ತಮಾಷೆ ನಡೆಯಿತು. ಅವರ ಹೆಂಡತಿ 1782ರಲ್ಲೇ, ಅವರು ಅಧ್ಯಕ್ಷರಾಗುವ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ಆ ಜಾಗದಲ್ಲಿ ಕೂತವಳು ಸ್ವಾತಂತ್ರ್ಯದೇವಿ! "ಇವಳು ಯಾರ ಹೆಂಡತಿ?" ಅಂತ ಕೇಳುವವರು ಇವತ್ತಿಗೂ ಇದ್ದಾರೆ.

ಮಾರ್ಥಾ ಪದಕದ ಹಿಂಬದಿ ನನಗೆ ಬಲು ಇಷ್ಟ. ಆಕೆ ಗಂಡನ ಸಮವಸ್ತ್ರದ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾರೆ. ಮ್ಯಾನೇಜರ್ ತಂದ ಪದಕದಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಮಾರ್ಥಾಳ ಬೆರಳುಗಳೆಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು. ಚಿತ್ರದ ಸುತ್ತಲಿನ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು, ಎಲ್ಲವೂ ದುಂಡಗೆ, ತಿಕ್ಕಿದ ಕೈ ತಿರುಗಿದ ಕಡೆಗೇ.

ನೋಡಿ, ಕಂಚಿನಲ್ಲಿ ಹೆಚ್ಚಿನ ಪಾಲು ತಾಮ್ರ. ಗಾಳಿಗೆ ಅದು ನಿಧಾನವಾಗಿ ಕಂದುತ್ತದೆ. ಆ ಕಂದು ಕೊಳೆ ಅಲ್ಲ. ಮತ್ತೆ ಹೇಳ್ತೀನಿ, ಕೊಳೆ ಅಲ್ಲ. ಅದು ಲೋಹದ್ದೇ ಮೇಲ್ಪದರ, ಒಳಗಿನದನ್ನು ಒಂದು ಮಟ್ಟಿಗೆ ಕಾಯುತ್ತದೆ. ಹುಣಸೆಯ ಹುಳಿ ಅದನ್ನು ಕರಗಿಸುತ್ತದೆ, ಉಪ್ಪಿನ ಹರಳು ಕೆರೆಯುತ್ತದೆ. ತಂಬಿಗೆಗೆ ಅದು ಸರಿ, ಗೀರು ಬಿದ್ದರೆ ಯಾರು ನೋಡುತ್ತಾರೆ? ಪದಕದಲ್ಲಿ ಇರುವುದೇ ಮೇಲ್ಮೈ. ಅಚ್ಚಿನ ಒತ್ತಡಕ್ಕೆ ಲೋಹ ಹರಿದು ಮೂಡಿದ ಆ ನವಿರು ಹೊಳಪು ಒಮ್ಮೆ ಹೋದರೆ ಹೋಯಿತು. ತಿಕ್ಕಿ ಬರಿಸುವ ಹೊಳಪೇ ಬೇರೆ. ಅಕ್ಷರಗಳ ಸಂದಿಯಲ್ಲಿ ಉಪ್ಪು ಉಳಿದರೆ ಮುಂದೆ ಹಸಿರು ಪುಡಿ ಏಳಬಹುದು. ಹಾಗೆ ಎದ್ದರೆ ಮಾತ್ರ ಬಲ್ಲವರಿಗೆ ತೋರಿಸಿ. ವಾಟ್ಸಾಪ್ ಫೋಟೋ ನೋಡಿ ನಾನಂತೂ ಏನೂ ಹೇಳಲಾರೆ.

"ಈಗೇನು ಮಾಡಲಿ?" ಅಂದರು. ಮುಖ ಸಣ್ಣಗಾಗಿತ್ತು, ಪಾಪ ಅನ್ನಿಸಿತು. ಏನೂ ಮಾಡಬೇಡಿ, ಅಂಚು ಹಿಡಿದು ಎತ್ತಿ, ಒಣ ಜಾಗದಲ್ಲಿಡಿ ಅಂದೆ. ಬಣ್ಣ ವರ್ಷಗಳಲ್ಲಿ ಮತ್ತೆ ಕಂದೀತು, ಬೆರಳುಗಳು ಮಾತ್ರ ಬರಲ್ಲ. ಅವರು ಜೇಬಿಂದ ಮೆತ್ತನೆ ಪ್ಲಾಸ್ಟಿಕ್ ಚೀಲ ತೆಗೆದರು. ಅದನ್ನೂ ಕಸಿದುಕೊಂಡು ಗಟ್ಟಿ ಡಬ್ಬಿ ಕೊಟ್ಟೆ. ಅಂಥ ಚೀಲ ಕೆಲವು ವರ್ಷಕ್ಕೆ ಜಿಡ್ಡು ಬಿಟ್ಟು ಹಸಿರು ಹಿಡಿಸುತ್ತದೆ.

ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಬೆಳ್ಳಿದಾದ್ರೆ ವಿಭೂತಿ ಹಚ್ಚಬಹುದಲ್ವಾ ಸಾರ್?"