ಎಂಜಿನ್ ಕ್ಲೇಮ್ ತಿರಸ್ಕಾರವಾದಾಗ ಮೊದಲು ಓದಬೇಕಾದ ಪತ್ರ

ಕಕ್ಷಿದಾರರೊಬ್ಬರು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಉಕ್ಕಿನ ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದರೆ, ಬಿಲ್ಲಿನಂತೆ ಬಾಗಿದ ಕನೆಕ್ಟಿಂಗ್ ರಾಡ್, ಅಂದರೆ ಎಂಜಿನ್ನಿನ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಸರಳು. ಮಳೆನೀರು ತುಂಬಿದ ಕೆಳಸೇತುವೆಯಲ್ಲಿ ಅವರ ಕಾರು ನಿಂತುಹೋಗಿತ್ತು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ನುಗ್ಗಿದರೆ ಬಾಗುವುದು ಈ ರಾಡೇ.

ಹೆಚ್ಚುವರಿ ಪ್ರೀಮಿಯಂ ಕಟ್ಟಿ ಅವರು ಎಂಜಿನ್ ರಕ್ಷಣೆಯ ಕವರ್ ಪಡೆದಿದ್ದರು. ಆದರೂ ವಿಮಾ ಕಂಪನಿ ‘ಯಾಂತ್ರಿಕ ವೈಫಲ್ಯ’ ಎಂದು ಬರೆದು ಕೈತೊಳೆದುಕೊಂಡಿತ್ತು. ಸವಕಳಿ, ಯಾಂತ್ರಿಕ ವೈಫಲ್ಯ ಇವೆರಡೂ ಸಾಮಾನ್ಯ ಮೋಟಾರು ಪಾಲಿಸಿಯಿಂದ ಹೊರಗಿರುವುದು ನಿಜ. ಆದರೆ ನೀರು ನುಗ್ಗಿ ಎಂಜಿನ್ ಕೆಟ್ಟರೆ ಇರಲಿ ಎಂದೇ ಅಲ್ಲವೇ ಅವರು ಆ ಕವರ್ ಕೊಂಡಿದ್ದು?

ಫೋನಿನಲ್ಲಿ ಕಂಪನಿಯವರು ಬೇರೆಯೇ ಮಾತಾಡಿದ್ದರು: ‘ನೀರಿನಲ್ಲಿ ನಿಂತ ಕಾರನ್ನು ನೀವು ಮತ್ತೆ ಸ್ಟಾರ್ಟ್ ಮಾಡಿದ್ದೀರಿ.’ ಪತ್ರದಲ್ಲಿ ಆ ಮಾತೇ ಇರಲಿಲ್ಲ. ಇದು ಸಣ್ಣ ಸಂಗತಿಯಲ್ಲ. ತಿರಸ್ಕಾರ ಪತ್ರದಲ್ಲಿ ಹೇಳದ ಕಾರಣವನ್ನು ವಿಮಾ ಕಂಪನಿ ಆಮೇಲೆ ವಿಚಾರಣೆಯಲ್ಲಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಬಾಯಿಮಾತಿಗೆ ಉತ್ತರ ಕೊಡುತ್ತಾ ಕೂರಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಲಿಖಿತವಾಗಿ ಕೇಳಿ. ಹಾನಿಯನ್ನು ಪರಿಶೀಲಿಸಿ ಅಂದಾಜು ಮಾಡಲು ಕಂಪನಿ ನೇಮಿಸುವ ಸರ್ವೇಯರ್ ಕೊಟ್ಟ ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಆ ವರದಿಯೇ ಕೊನೆಯ ಮಾತಲ್ಲ ಎಂದು 2009ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ.

ನಮಗೆ ಆಧಾರ ಸಿಕ್ಕಿದ್ದು ಆ ವರದಿಯಲ್ಲೇ. ಸರ್ವೇಯರ್ ತೆಗೆದ ಫೋಟೊದಲ್ಲಿ ಏರ್ ಫಿಲ್ಟರಿನ ಮೇಲೆ ಕೆಸರಿನ ಗೆರೆ ಎದ್ದು ಕಾಣುತ್ತಿತ್ತು, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಸವೆದುಹೋದ ಎಂಜಿನ್ನಿನ ಲಕ್ಷಣ ಇದಲ್ಲ. ಕಾರು ಎಳೆದೊಯ್ದವರ ರಸೀದಿಯಲ್ಲಿ ಸ್ಥಳ, ಸಮಯ ಎರಡೂ ಇದ್ದವು.

ಇಷ್ಟನ್ನೂ ಲಗತ್ತಿಸಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳು ಕಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಪ್ರವೇಶವೂ ಇಲ್ಲ, ನಿಮ್ಮ ಮಾತನ್ನು ನೀವೇ ಹೇಳಿಕೊಳ್ಳಬೇಕು. ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕೆಂಬುದನ್ನು ಮಾತ್ರ ಮರೆಯಬೇಡಿ. ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷ ಕಾಲಾವಕಾಶವಿದೆ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಆಯೋಗದಲ್ಲಿ ದೂರು ದಾಖಲಾದ ಮೇಲೆ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಕಾರು ತಯಾರಕರೇ ಕೊಡುವ ವಿಸ್ತರಿತ ವಾರಂಟಿ ವಿಮೆಯಲ್ಲ. ಅದರ ತಕರಾರಿಗೆ ಆಯೋಗವೇ ದಾರಿ.

ಈ ಕಕ್ಷಿದಾರರಿಗೆ ಮೊದಲ ಪತ್ರದಲ್ಲೇ ಹಣ ಮಂಜೂರಾಯಿತು. ಅದಕ್ಕೂ ಮುಂಚೆ ಬಂದಿದ್ದ ಇನ್ನೊಬ್ಬರದು ಹೆಚ್ಚುಕಡಿಮೆ ಇದೇ ಕಥೆ. ಆದರೆ ಅವರು ನನ್ನ ಬಳಿ ಬರುವಷ್ಟರಲ್ಲಿ ಗ್ಯಾರೇಜಿನವರು ಹಳೆಯ ರಾಡು, ಪಿಸ್ಟನ್ನುಗಳನ್ನು ಗುಜರಿಗೆ ಹಾಕಿಬಿಟ್ಟಿದ್ದರು. ಫೋಟೊ ಒಂದೂ ಇರಲಿಲ್ಲ. ಆ ಪ್ರಕರಣವನ್ನು ನಾವು ಸೋತೆವು.